ಸೆಕೆ ಘಾಟಿ ಹತ್ತಿ ಬಂದಾಗ

ಏಪ್ರಿಲ್ ಬಂತೆಂದರೆ ಚಿಕ್ಕಮಗಳೂರಿನ ಅಂಗಡಿಗಳ ಮುಂದೆ ಫ್ಯಾನು, ಕೂಲರುಗಳ ಸಾಲು ಕಾಣುತ್ತದೆ. ನಮ್ಮ ಚಿಕ್ಕಂದಿನಲ್ಲಿ ಈ ಊರಿನ ಎಷ್ಟೋ ಮನೆಗಳಲ್ಲಿ ಫ್ಯಾನೇ ಇರಲಿಲ್ಲ. ಮಧ್ಯಾಹ್ನ ಬಿಸಿಲು ಚುರುಗುಟ್ಟಿದರೂ ಬೆಳಗಿನ ಜಾವಕ್ಕೆ ಕಂಬಳಿ ಎಳೆದುಕೊಳ್ಳುತ್ತಿದ್ದೆವು. ಈಗ ರಾತ್ರಿ ಊಟ ಮುಗಿಸಿ ಮಲಗುವ ಹೊತ್ತಿಗೂ ತಾರಸಿ ಮನೆಯ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ. ಬೆಂಗಳೂರಿನವರು ತಂಪು ಹುಡುಕಿಕೊಂಡು ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಬರುತ್ತಾರೆ. ಬರದೆ ಏನು ಮಾಡಿಯಾರು? 2016ರ ಏಪ್ರಿಲ್‌ನಲ್ಲಿ ಅವರ ಊರಿನ ಬಿಸಿಲು 39.2 ಡಿಗ್ರಿ ಮುಟ್ಟಿತ್ತು. ಆದರೆ ಇಲ್ಲಿಗೆ ಬಂದು ರೂಮು ಹಿಡಿಯುವಾಗಲೂ ಅವರು ಮೊದಲು ಕೇಳುವುದು ‘ಏಸಿ ಇದೆಯಾ?’ ಎಂದೇ. ಆ ಪ್ರಶ್ನೆಗೆ ಈ ಬೆಟ್ಟಗಳು ಬಹಳ ಹಿಂದೆಯೇ ಉತ್ತರ ಕೊಟ್ಟಿವೆ ಎಂಬುದು ನನ್ನ ನಂಬಿಕೆ. ಅದನ್ನು ಸ್ವಲ್ಪ ಸುತ್ತುಬಳಸಿ ಹೇಳುತ್ತೇನೆ, ಬಿಡುವಿದ್ದವರು ಕೂತು ಕೇಳಿ.

ಸೆಕೆಯ ಮರ್ಮ ತಿಳಿಯಬೇಕಾದರೆ ಚಾರ್ಮಾಡಿ ಘಾಟಿ ಇಳಿಯಬೇಕು. ಮೂಡಿಗೆರೆ ಕಡೆಯವರಿಗೆ ಆಸ್ಪತ್ರೆ, ಕಾಲೇಜು, ಮದುವೆ ಅಂತ ಮಂಗಳೂರಿನ ದಾರಿ ತಪ್ಪಿದ್ದಲ್ಲ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬಸ್ಸು ಹತ್ತುವಾಗ ಗಾಳಿ ಹಿತವಾಗಿಯೇ ಇರುತ್ತದೆ. ಒಂದೊಂದು ತಿರುವು ಇಳಿದಂತೆ ಕಿಟಕಿಯಿಂದ ಬರುವ ಗಾಳಿ ಬಿಸಿಯಾಗುತ್ತ, ಭಾರವಾಗುತ್ತ ಹೋಗುತ್ತದೆ. ಉಜಿರೆ ತಲುಪುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತದೆ. ಸಾವಿರ ಮೀಟರ್ ಇಳಿದರೆ ಸುಮಾರು ಆರು ಡಿಗ್ರಿ ಬಿಸಿ ಏರುತ್ತದೆ, ಅದು ಎತ್ತರದ ಲೆಕ್ಕ. ಆದರೆ ಅಂಗಿ ಅಂಟಿಸುವುದು ಬರೀ ಆ ಆರು ಡಿಗ್ರಿಯಲ್ಲ, ಗಾಳಿಯೊಳಗಿನ ನೀರು.

ಮಣ್ಣಿನ ಗಡಿಗೆಯನ್ನು ಕೇಳಿದರೆ ಇದನ್ನು ಚೆನ್ನಾಗಿ ಹೇಳುತ್ತದೆ. ನಮ್ಮ ಜಿಲ್ಲೆಯದೇ ಆದ ಕಡೂರಿನ ಬಯಲಿನಲ್ಲಿ, ಮರಳಿನ ಮೇಲೆ ಗಡಿಗೆ ಇಟ್ಟು ಸುತ್ತ ಒದ್ದೆ ಬಟ್ಟೆ ಸುತ್ತಿದರೆ ಮಧ್ಯಾಹ್ನಕ್ಕೆ ನೀರು ಗಂಟಲು ಕೊರೆಯುವಷ್ಟು ತಣ್ಣಗಿರುತ್ತದೆ. ಅದೇ ಗಡಿಗೆಯನ್ನು ಮಂಗಳೂರಿಗೆ ಒಯ್ದರೆ ನೀರು ಅಷ್ಟು ತಂಪಾಗುವುದಿಲ್ಲ. ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಹೊತ್ತೊಯ್ಯಬೇಕು. ಕಡಲತೀರದ ಗಾಳಿ ಮೊದಲೇ ತೇವ ಕುಡಿದು ತುಂಬಿರುತ್ತದೆ, ಇನ್ನಷ್ಟನ್ನು ಸುಲಭಕ್ಕೆ ಹೀರುವುದಿಲ್ಲ. ನಮ್ಮ ಮೈಯ ಬೆವರಿಗೂ ಇದೇ ನಿಯಮ. ಆದ್ದರಿಂದ ಕಡೂರು, ತರೀಕೆರೆಯಂಥ ಒಣಸೆಕೆಯ ಊರಲ್ಲಿ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸಿದರೆ ಕೋಣೆ ತಂಪಾಗುತ್ತದೆ, ಕೂಲರೂ ಕೆಲಸಕ್ಕೆ ಬರುತ್ತದೆ. ಕರಾವಳಿಯ ಒದ್ದೆಸೆಕೆಯಲ್ಲಿ ಕೂಲರು ಇನ್ನಷ್ಟು ತೇವ ತುಂಬಿ ಉಸಿರು ಕಟ್ಟಿಸುತ್ತದೆ. ಅಲ್ಲಿ ಗಾಳಿಯಾಡಬೇಕು: ಎದುರುಬದುರು ಕಿಟಕಿ, ಹತ್ತಿಯ ಬಟ್ಟೆ, ತಲೆಯ ಮೇಲೊಂದು ಫ್ಯಾನು. ಮಟಮಟ ಮಧ್ಯಾಹ್ನದಲ್ಲೂ ಬಿಸಿ ಕಾಫಿ ಬೇಕೆನ್ನುವ ನಮ್ಮವರ ಪಾಡೂ ಇಷ್ಟೇ. ಒಣಹವೆಯಲ್ಲಿ ಕುಡಿದರೆ ಬೆವರು ಬಂದು, ಆರಿ, ಮೈ ಹಗುರಾಗುತ್ತದೆ. ಮಂಗಳೂರಿನಲ್ಲಿ ಕುಡಿದರೆ ಬೆವರು ಹಾಗೇ ಇಳಿಯುತ್ತದೆ.

ಏಸಿಯ ಕಥೆಯೂ ತೇವದಿಂದಲೇ ಶುರುವಾದದ್ದು. 1902ರಲ್ಲಿ ಅಮೆರಿಕದ ವಿಲಿಸ್ ಕ್ಯಾರಿಯರ್ ಎಂಬ ಎಂಜಿನಿಯರು ಅದನ್ನು ರೂಪಿಸಿದ್ದು ಬ್ರೂಕ್ಲಿನ್‌ನ ಒಂದು ಛಾಪಖಾನೆಗಾಗಿ. ಗಾಳಿಯ ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲವಂತೆ. ಕಾಗದಕ್ಕೆ ಮಾಡಿದ ಉಪಚಾರ ಆಮೇಲೆ ಮನುಷ್ಯರಿಗೂ ಬಂತು. ಆದರೆ ಅದೇ ತೇವ ನಮ್ಮ ಕಾಫಿಗೆ ಬೆಲೆ ತಂದುಕೊಟ್ಟದ್ದೂ ಉಂಟು. ಹಿಂದೆ ಹಾಯಿಹಡಗಿನಲ್ಲಿ ತಿಂಗಳುಗಟ್ಟಲೆ ಯುರೋಪಿಗೆ ಸಾಗುವಾಗ ಬೀಜ ಕಡಲಗಾಳಿಯ ತೇವ ಹೀರಿ ಉಬ್ಬಿ, ಹಳದಿ ತಿರುಗುತ್ತಿತ್ತು. ಅಲ್ಲಿನವರಿಗೆ ಆ ರುಚಿಯೇ ಹತ್ತಿತು. ಹಡಗುಗಳು ಚುರುಕಾದ ಮೇಲೆ ಆ ರುಚಿಗಾಗಿ ಕರಾವಳಿಯ ಉಗ್ರಾಣಗಳಲ್ಲಿ ಬೀಜ ಹರವಿ, ಮಳೆಗಾಲದ ಗಾಳಿ ಕುಡಿಸುವ ಪದ್ಧತಿ ಬೆಳೆಯಿತು. ‘ಮಾನ್ಸೂನ್ಡ್ ಮಲಬಾರ್’ ಎಂದು ಅದಕ್ಕೆ ಲೋಕದಲ್ಲೆಲ್ಲ ಹೆಸರು. ನಾವು ಶಪಿಸುವ ಸೆಕೆಯ ಗಾಳಿಗೂ ಒಂದು ಕಸುಬಿದೆ.

ಕಾಫಿಯ ಮಾತು ಬಂದ ಮೇಲೆ ಅದನ್ನು ದಾಟಿ ಮುಂದೆ ಹೋಗುವ ಹಾಗಿಲ್ಲ, ಏಕೆಂದರೆ ನಾನು ಹೇಳಹೊರಟ ಉತ್ತರ ಅಲ್ಲೇ ಇದೆ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ನರು ಯೆಮೆನ್ನಿನಿಂದ ಏಳು ಬೀಜ ತಂದು ಈ ಗಿರಿಯಲ್ಲಿ ಬಿತ್ತಿದರೆಂಬ ಕಥೆ ಎಲ್ಲರಿಗೂ ಗೊತ್ತು. ಅರೇಬಿಕಾದ ಮೂಲ ತವರು ಇಥಿಯೋಪಿಯಾದ ಕಾಡು, ದೊಡ್ಡ ಮರಗಳ ಅಡಿಯಲ್ಲಿ ಹುಟ್ಟಿದ ಗಿಡ ಅದು. 15ರಿಂದ 25 ಡಿಗ್ರಿಯೊಳಗೆ ಇದ್ದರೆ ಅದಕ್ಕೆ ಸುಖ. ಬಿಸಿಲಿಗೆ ನಮಗಿಂತ ಅದೇ ಮೊದಲು ಬಾಡುತ್ತದೆ. ಸಾವಿರಾರು ಎಕರೆಗೆ ಏಸಿ ಹಾಕುವ ಮಾತಿಲ್ಲವಲ್ಲ. ತೋಟದವರು ಮಾಡಿದ್ದೇನು? ನೆರಳು ಬೆಳೆಸಿದರು.

ಅದನ್ನು ಬೆಳೆಸಿದ ರೀತಿಯನ್ನು ಹತ್ತಿರದಿಂದ ನೋಡಬೇಕು. ಮೇಲಿನ ಅಂತಸ್ತಿನಲ್ಲಿ ಅತ್ತಿ, ಬಸರಿ, ಹಲಸು, ನಂದಿಯಂಥ ಕಾಡುಮರಗಳು. ಕೆಳಗಿನ ಅಂತಸ್ತಿನಲ್ಲಿ ಹಾಲುವಾಣ. ಮುಂಗಾರಿಗೆ ಮೊದಲು ಮರಗಸಿ ಮಾಡುವವರು, ಅಂದರೆ ನೆರಳುಮರದ ಕೊಂಬೆ ಸವರುವವರು, ಕತ್ತಿ ಸಿಕ್ಕಿಸಿಕೊಂಡು ಮರ ಹತ್ತುತ್ತಾರೆ. ಮಳೆ, ಮಂಜಿನ ತಿಂಗಳುಗಳಲ್ಲಿ ನೆರಳು ದಟ್ಟವಾದರೆ ಗಿಡಕ್ಕೆ ಕೊಳೆರೋಗ, ಅದಕ್ಕೇ ಆಗ ಬೆಳಕು ಬಿಡಬೇಕು. ಬೇಸಿಗೆಯ ಹೊತ್ತಿಗೆ ಕೊಂಬೆ ಮತ್ತೆ ಚಿಗುರಿ ಚಪ್ಪರವಾಗಿರಬೇಕು. ಕೆಳಗೆ ನಿಂತ ಮೇಸ್ತ್ರಿ ಕತ್ತು ಎತ್ತಿ, ‘ಪಡುವಣ ಕೊಂಬೆ ಬಿಡಣ್ಣ, ಸಂಜೆ ಬಿಸಿಲು ಹೊಡೀತದೆ’ ಎಂದು ಕೂಗುತ್ತಾನೆ. ಎಳೆಗಿಡಗಳಿಗೆ ಮೊದಲ ಬೇಸಿಗೆಗಳಲ್ಲಿ ಸೊಪ್ಪು ಸಿಕ್ಕಿಸಿ ಮರೆ ಕಟ್ಟುತ್ತಾರೆ. ಬುಡಕ್ಕೆ ದರಗು ಹರವಿ ಮಣ್ಣಿನ ತಂಪು ಉಳಿಸುತ್ತಾರೆ. ನೆರಳು ತೆಳುವಾದ ಕಡೆ ಅರೇಬಿಕಾಕ್ಕೆ ಬಿಳಿ ಕಾಂಡಕೊರಕದ ಹಾವಳಿ ಹೆಚ್ಚು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಹೊಸ ಹೊಸ ತಳಿ ಕೊಟ್ಟಿದೆ, ಆದರೂ ‘ನೆರಳು ಕಾಪಾಡಿ’ ಎಂಬ ಮಾತನ್ನು ಬಿಟ್ಟುಕೊಟ್ಟಿಲ್ಲ.

ಇಷ್ಟೆಲ್ಲ ಬಲ್ಲ ನಾವು ಮನೆ ಕಟ್ಟುವಾಗ ಆ ವಿದ್ಯೆಯನ್ನು ತೋಟದಲ್ಲೇ ಬಿಟ್ಟು ಬರುತ್ತಿದ್ದೇವೆ ಎಂಬುದು ನನ್ನ ಸಂಕಟ. ಹಳೆಯ ಮನೆಗಳಿಗೆ ದಪ್ಪ ಮಣ್ಣಿನ ಗೋಡೆ, ಮೇಲೆ ಅಟ್ಟ, ಅದರ ಮೇಲೆ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಹೆಂಚು ಘಾಟಿ ಹತ್ತಿ ಇಲ್ಲಿಗೂ ಬಂತು. ಹೆಂಚಿನ ಸಂದಿಯಲ್ಲಿ ಬಿಸಿಗಾಳಿ ಹೊರಹೋಗುತ್ತಿತ್ತು, ಅಟ್ಟ ಬಿಸಿಲನ್ನು ಮೇಲೆಯೇ ತಡೆಯುತ್ತಿತ್ತು. ಈಗಿನ ತಾರಸಿ ಹಗಲೆಲ್ಲ ಕಾದು, ನಾವು ಮಲಗಿದ ಮೇಲೆ ಆ ಕಾವನ್ನು ಒಳಗೆ ಇಳಿಸುತ್ತದೆ. ಅಂಗಳದ ಹಲಸಿನ ಮರ ಕಡಿದು ಕಾರು ನಿಲ್ಲಿಸಲು ಕಾಂಕ್ರೀಟು ಹಾಕುತ್ತೇವೆ, ಆಮೇಲೆ ಏಸಿಗೆ ಸಾಲ ಮಾಡುತ್ತೇವೆ. ಏಸಿ ನಮ್ಮ ಕೋಣೆಯ ಬಿಸಿಯನ್ನು ಪಕ್ಕದ ಮನೆಯ ಕಿಟಕಿಯತ್ತ ದೂಡುತ್ತದೆ. ಮರ ಪಕ್ಕದ ಮನೆಗೂ ದಾರಿಹೋಕನಿಗೂ ತಂಪು ಕೊಡುತ್ತದೆ. ಕಾಯಿಲೆಯವರಿಗೆ, ಹಸುಗೂಸಿಗೆ, ವಯಸ್ಸಾದವರಿಗೆ ಏಸಿ ಬೇಕಾದಲ್ಲಿ ಬೇಕೇ. ಊರಿಗೆ ಊರೇ ಅದನ್ನು ನಂಬಿ ಕೂತರೆ ಬೀದಿ ಕಾಯುತ್ತದೆ, ಬೀದಿಯಲ್ಲಿ ದುಡಿಯುವವರು ಬೇಯುತ್ತಾರೆ.

ಎಲ್ಲರಿಗಿಂತ ಹೆಚ್ಚು ಬೇಯುವವರು ತೋಟದ ಕೆಲಸಗಾರರ ಲೈನ್‌ ಮನೆಗಳವರು. ಕಾಫಿಗಿಡಕ್ಕೆ ನೆರಳು ಸರಿಮಾಡಿ ಬಂದವರು ಮಧ್ಯಾಹ್ನ ಕೂರುವುದು ಕಾದ ಶೀಟಿನ ಕೆಳಗೆ. ಒಂದು ಲೈನಿನಲ್ಲಿ ಶೀಟಿನ ಮೇಲೆ ಕುಂಬಳದ ಬಳ್ಳಿ ಹಬ್ಬಿಸಿದ್ದನ್ನು ಕಂಡೆ. ಅಗಲಗಲ ಎಲೆ ಮಾಡನ್ನು ಮುಚ್ಚಿತ್ತು, ಬಳ್ಳಿ ಹಬ್ಬದ ಕಡೆ ಸುಣ್ಣ ಬಳಿದಿದ್ದರು. ಒಳಗೆ ಕಾಲಿಟ್ಟರೆ ಪಕ್ಕದ ಮನೆಗೂ ಈ ಮನೆಗೂ ವ್ಯತ್ಯಾಸ ಮೈಗೇ ತಿಳಿಯುತ್ತಿತ್ತು. ‘ಮಜ್ಜಿಗೆ ಕುಡೀರಿ, ಕುಂಬಳಕಾಯಿ ಪಲ್ಯಾನೂ ಆಯ್ತು, ತಂಪೂ ಆಯ್ತು’ ಎಂದರು ಮನೆಯ ಅಮ್ಮ. ಪ್ರತಿ ಲೈನಿಗೂ ಒಂದು ಡಬ್ಬ ಸುಣ್ಣ, ನಾಲ್ಕು ಬಳ್ಳಿ, ಎರಡು ಮರ ಕೊಡುವುದು ತೋಟದ ಯಜಮಾನರಿಗೆ ಭಾರವಾಗದು.

ಉಳಿದ ಉಪಾಯಗಳು ನಿಮಗೂ ಗೊತ್ತಿರುವವೇ. ಬಿಸಿಲೇರುವ ಮೊದಲೇ ಕಿಟಕಿ ಮುಚ್ಚಿ, ಸಂಜೆ ಗಾಳಿ ತಿರುಗಿದ ಮೇಲೆ ತೆರೆಯುವುದು. ಒಲೆಯ ಕೆಲಸ ಬೆಳಿಗ್ಗೆಯೇ ಮುಗಿಸುವುದು. ಊಟಕ್ಕೆ ಒಂದೆಲಗದ ತಂಬುಳಿ, ಮುರುಗಲಿನ ಸಾರು. ನಡುವೆ ಉಪ್ಪು ಹಾಕಿದ ನೀರುಮಜ್ಜಿಗೆ, ರಾಮನವಮಿಗೆ ಮಾಡಿದ ಪಾನಕ ಹಬ್ಬ ಮುಗಿದ ಮೇಲೂ. ಬೆವರಿನೊಂದಿಗೆ ಹೋದ ಉಪ್ಪನ್ನು ದೇಹಕ್ಕೆ ತಿರುಗಿ ಕೊಡುವ ಲೆಕ್ಕ ಈ ಮಜ್ಜಿಗೆಯಲ್ಲಿದೆ. ಇವೆಲ್ಲ ಈ ವರ್ಷದ ಬೇಸಿಗೆ ದಾಟಿಸುತ್ತವೆ. ಮುಂದಿನ ಬೇಸಿಗೆಗಳಿಗೆ ಮರವೇ ಬೇಕು.

ಇಂದು ನೆಟ್ಟ ಸಸಿ ನಾಳೆಗೆ ನೆರಳು ಕೊಡುವುದಿಲ್ಲ, ಒಪ್ಪಿದೆ. ತೋಟದ ದೊಡ್ಡ ಅತ್ತಿಮರಗಳನ್ನು ಉಳಿಸಿದವರೂ ತಮ್ಮೊಬ್ಬರಿಗಾಗಿ ಉಳಿಸಿದ್ದಲ್ಲ. ಮನೆಯ ಪಡುವಣ ಮಗ್ಗುಲಿಗೆ ಒಂದು ಹೊಂಗೆಯೋ ನೇರಳೆಯೋ ಇದ್ದರೆ ಸಂಜೆಯ ಬಿಸಿಲು ಗೋಡೆಗೆ ತಾಗುವುದಿಲ್ಲ. ಬೀದಿಗೆ ಹತ್ತು ಮನೆಯವರು ಹಾಗೆ ಮಾಡಿದರೆ ಬೀದಿಯೇ ತಂಪು. ಜೂನ್ ಮಳೆ ಹಿಡಿದರೆ ಸಸಿ ತಾನೇ ಬೇರು ಬಿಡುತ್ತದೆ, ಆದ್ದರಿಂದ ಗುಂಡಿ ತೆಗೆದು ಗೊಬ್ಬರ ತುಂಬುವ ಕೆಲಸ ಈ ಮೇ ತಿಂಗಳಲ್ಲೇ ಮುಗಿಯಲಿ.