ನಮ್ಮ ಮನೆಯ ಚೂರಿನ ಗಂಟು



ಗೋಡೆ ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದರೆ ಎಲ್ಲರೂ ಮಳೆಗಾಲ, ನಮ್ಮೂರ ಜಾತ್ರೆ, ನನ್ನ ಮೆಚ್ಚಿನ ನಾಯಕ ಎಂದು ಬರೆಯುತ್ತಾರೆ. ನಾನು ಚೂರಿನ ಬಗ್ಗೆ ಬರೆಯುತ್ತಿದ್ದೇನೆ. ಚೂರು ಎಂದರೆ ಅರಿವೆ ಕತ್ತರಿಸುವಾಗ ಅಂಗಿಗೂ ಸೇರದೆ, ಲಂಗಕ್ಕೂ ಸೇರದೆ ಕೆಳಗೆ ಬೀಳುವ ತುಂಡು. ನಮ್ಮ ಅವ್ವ ಹೊಲಿಗೆ ಕೆಲಸ ಮಾಡುತ್ತಾಳೆಂದು ನಿಮಗೆ ಗೊತ್ತೇ ಇದೆ. ನಿಮ್ಮಲ್ಲಿ ಅರ್ಧ ಜನರ ಯೂನಿಫಾರ್ಮು ಅವಳೇ ಹೊಲಿದದ್ದು. ಹಾಗಾಗಿ ನಮ್ಮ ಮನೆಯಲ್ಲಿ ಚೂರಿಗೆ ಬರವಿಲ್ಲ. ಪಡಸಾಲೆಯ ಮೂಲೆಯಲ್ಲಿ ಮಷಿನು, ಅದರ ಕೆಳಗೆ ಒಂದು ಬುಟ್ಟಿ. ಬುಟ್ಟಿ ತುಂಬಿದರೆ ಅದು ಅಟ್ಟದ ಮೇಲಿರುವ ಗಂಟಿಗೆ ಹೋಗುತ್ತದೆ. ಹಳೇ ಧೋತರದಲ್ಲಿ ಕಟ್ಟಿದ ಆ ಗಂಟು ಈಗ ಜೋಳದ ಚೀಲದಷ್ಟು ದೊಡ್ಡದಾಗಿದೆ.

ಈ ಗಂಟು ಯಾರದು ಎಂಬುದೇ ನಮ್ಮ ಮನೆಯ ದೊಡ್ಡ ಪ್ರಶ್ನೆ.

ನೀವು ನಗಬಹುದು. ಚೂರಿಗೆ ಎಂಥ ಮಾಲೀಕರು ಎಂದು. ಆದರೆ ಅವ್ವ ಹಾಗೆ ತಿಳಿಯುವುದಿಲ್ಲ. ಜಂಪರಿಗೆಂದು ಒಬ್ಬರು 80 ಸೆಂಟಿಮೀಟರ್ ಅರಿವೆ ತರುತ್ತಾರೆ. ತೋಳು ಗಿಡ್ಡ ಇದ್ದರೆ, ಮೈ ಸಣ್ಣ ಇದ್ದರೆ ಒಂದಿಷ್ಟು ಉಳಿಯುತ್ತದೆ. ಗೇಣಗಲಕ್ಕಿಂತ ದೊಡ್ಡದು ಉಳಿದರೆ ಅವ್ವ ಅದನ್ನು ಜಂಪರಿನ ಒಳಗೇ ಮಡಚಿ ಇಟ್ಟು ಕೊಡುತ್ತಾಳೆ. ಅಂಗೈ ಅಗಲದ್ದು ಉಳಿದರೆ ಕೇಳುತ್ತಾಳೆ, "ಚೂರು ಒಯ್ತೀರೇನವ್ವಾ?" ಎಂದು. ನೂರಕ್ಕೆ ತೊಂಬತ್ತು ಜನ "ಅದನ್ನ ಒಯ್ದು ಏನ್ ಮಾಡೂದೈತಿ, ನೀನ ಇಟ್ಕೋ" ಎನ್ನುತ್ತಾರೆ. ಬೆರಳಗಲದ್ದು ಮಾತ್ರ ಕೇಳದೇ ಬುಟ್ಟಿಗೆ ಬೀಳುತ್ತದೆ. ಅಪ್ಪ ಒಮ್ಮೊಮ್ಮೆ ಚೇಷ್ಟೆ ಮಾಡುತ್ತಾನೆ. "ನೀ ಏನ್ ಆಯ್ದಕ್ಕಿ ಲಕ್ಕಮ್ಮ ಆಗಿಬಿಟ್ಟಿ?" ಎನ್ನುತ್ತಾನೆ.

ಲಕ್ಕಮ್ಮನ ಕಥೆ ನಾವೆಲ್ಲ ಕೇಳಿದ್ದೇವೆ. 12ನೇ ಶತಮಾನದ ಕಲ್ಯಾಣದಲ್ಲಿ ಗಂಡ ಮಾರಯ್ಯ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಹೆಚ್ಚು ತಂದಾಗ, ನಮಗೆ ಬೇಕಾದಷ್ಟೇ ಸಾಕು, ಉಳಿದದ್ದನ್ನು ತಿರುಗಿ ಹಾಕಿ ಬಾ ಎಂದು ಅವಳು ಕಳಿಸಿದಳು. ಅದೇ ಕಾಲದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬುವರೂ ಇದ್ದರು. ಅರಿವೆ ಹೊಲಿಯುವುದೇ ಅವರ ಕಾಯಕ. ಅವರ ಮನೆಯಲ್ಲೂ ಚೂರು ಬಿದ್ದೇ ಬಿದ್ದಿರಬೇಕು. ಅವರು ಅದನ್ನು ಏನು ಮಾಡುತ್ತಿದ್ದರೋ ಎಂದು ನನಗೆ ಯಾವಾಗಲೂ ಕುತೂಹಲ.

ಹೋದ ವರ್ಷ ಮಳೆಗಾಲದಲ್ಲಿ ಅಟ್ಟ ಸೋರಿತು. ಗಂಟು ಒಂದು ಕಡೆ ಒದ್ದೆಯಾಗಿ ಮುಗ್ಗು ವಾಸನೆ ಬಂತು. ಅಪ್ಪ ಸಿಟ್ಟಾದ. "ಇದನ್ನ ಹೊರಗ ಒಗೀರಿ, ಇಲ್ಲಾ ಸುಟ್ಟುಬಿಡ್ರಿ. ಶೇಂಗಾ ಚೀಲ ಇಡಾಕ ಜಾಗ ಇಲ್ಲ, ಚಿಂದಿ ಇಟ್ಕೊಂಡು ಕುಂತೀರಿ" ಎಂದ. ಅವ್ವ ಏನೂ ಅನ್ನಲಿಲ್ಲ. ಬಿಸಿಲು ಬಿದ್ದ ದಿನ ಎಲ್ಲವನ್ನೂ ಅಂಗಳದಲ್ಲಿ ಹರವಿದಳು. ನೋಡಿದರೆ ಇಡೀ ಊರೇ ನಮ್ಮ ಅಂಗಳದಲ್ಲಿ ಬಿದ್ದುಕೊಂಡ ಹಾಗಿತ್ತು. ಇದು ಗೌಡರ ಮನೆಯ ಸೊಸೆಯ ಸೀಮಂತದ ಜಂಪರು, ಇದು ಅಂಗನವಾಡಿ ಟೀಚರದು, ಇದು ನಮ್ಮ ಶಾಲೆಯ ನೀಲಿ, ಇದು ಗುಳೇದಗುಡ್ಡದ ಖಣ ಎಂದು ಆಯಿ ಕುಂತಲ್ಲೇ ಗುರುತು ಹೇಳುತ್ತಿದ್ದಳು. ಆಯಿ ಎಂದರೆ ಅವ್ವನ ಅವ್ವ.

ಅದೇ ವಾರ ನಮ್ಮ ಓಣಿಯ ಒಬ್ಬ ಅಜ್ಜಿ ಬಂದಳು. ಅವಳ ಗಂಡ ತೀರಿಕೊಂಡು ಎರಡು ತಿಂಗಳಾಗಿತ್ತು. ಬಂದವಳು ಬಹಳ ಹೊತ್ತು ಬೇರೆ ಏನೇನೋ ಮಾತಾಡಿದಳು. ಮಳೆ, ಹೆಸರು, ಸೊಸೆಯ ಬಾಣಂತನ. ಆಮೇಲೆ ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ತಂಗೀ, ಹ್ವಾದ ಯುಗಾದಿಗೆ ಅವರಿಗೊಂದು ಅಂಗಿ ಹೊಲಿದಿದ್ದಿ, ನೀಲಿ ಗೀಟಿಂದು. ಅದರದೊಂದು ಚೂರು ಉಳದೈತೇನು?" ಎಂದು ಕೇಳಿದಳು. ಅವರ ಅರಿವೆಗಳನ್ನೆಲ್ಲ ಆಗಲೇ ಕೊಟ್ಟುಬಿಟ್ಟಿದ್ದರಂತೆ. ಮನೆಯಲ್ಲಿ ಒಂದೂ ಉಳಿದಿರಲಿಲ್ಲವಂತೆ.

ನಾವು ಮೂವರೂ ಕುಂತು ಗಂಟನ್ನು ಬಿಚ್ಚಿದೆವು. ನೀಲಿ ಗೀಟಿನವು ಬಹಳ ಇದ್ದವು. ಪ್ರತಿಯೊಂದನ್ನೂ ಎತ್ತಿ ತೋರಿಸಿದಾಗ ಅಜ್ಜಿ ಬೆಳಕಿಗೆ ಹಿಡಿದು ನೋಡಿ "ಇದಲ್ಲವ್ವಾ" ಎನ್ನುತ್ತಿದ್ದಳು. ಕಡೆಗೆ ತೋಳಿನ ಕಂಕುಳ ಕಡೆ ಕತ್ತರಿಸಿದ, ಅರ್ಧಚಂದ್ರದಂಥ ಎರಡು ಚೂರು ಸಿಕ್ಕವು. ಅಜ್ಜಿ ಅವನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ಕುಂತಳು. ಅವ್ವ ನನ್ನನ್ನು ಚಹಾ ಮಾಡು ಎಂದು ಒಳಗೆ ಕಳಿಸಿದಳು. ಹೊರಗೆ ಬರುವಷ್ಟರಲ್ಲಿ ಏನು ಮಾತಾಡಿದರೋ ಗೊತ್ತಿಲ್ಲ. ಆ ಎರಡು ಚೂರನ್ನು ಒಳಗೆ ಅಸ್ತರಕ್ಕೆ ಸೇರಿಸಿ, ಹುಟ್ಟಲಿರುವ ಮೊಮ್ಮಗುವಿಗೆ ಒಂದು ಕುಂಚಿಗೆ ಹೊಲಿದುಕೊಡುವುದು ಎಂದು ಆಗಿತ್ತು. ಹೊರಗೆ ಕೆಂಪು ಖಣ, ಒಳಗೆ ಮುತ್ಯಾನ ಅಂಗಿ. ಅವ್ವ ಹೊಲಿಗೆಯ ಕೂಲಿ ತೆಗೆದುಕೊಳ್ಳಲಿಲ್ಲ. ಅಪ್ಪ ಆಮೇಲೆ ಗಂಟಿನ ಸುದ್ದಿ ತೆಗೆಯಲಿಲ್ಲ. ಶೇಂಗಾ ಚೀಲ ಈಗ ನನ್ನ ಮಂಚದ ಕೆಳಗಿದೆ.

ಇನ್ನು ಚೂರನ್ನು ಏನೇನು ಮಾಡುತ್ತೇವೆ ಎಂದು ಹೇಳುತ್ತೇನೆ. ಮೊದಲು ಆರಿಸಬೇಕು. ಅಕ್ಕಿ ಆರಿಸಿದ ಹಾಗೆ. ಕಾಟನ್ ಬೇರೆ, ಪಾಲಿಸ್ಟರ್ ಬೇರೆ. ಕೈಯಲ್ಲಿ ಮುದ್ದೆ ಮಾಡಿ ಹಿಸುಕಿ ಬಿಟ್ಟರೆ ಕಾಟನ್ ಸುಕ್ಕು ಹಿಡಿದುಕೊಳ್ಳುತ್ತದೆ, ಪಾಲಿಸ್ಟರ್ ಬಿಚ್ಚಿಕೊಂಡು ಮೊದಲಿನ ಹಾಗೇ ಆಗುತ್ತದೆ. ಹೊಸ ಕಾಟನ್ ಚೂರನ್ನು ಒಮ್ಮೆ ನೀರಿನಲ್ಲಿ ನೆನೆಸಿ ಒಣಗಿಸಲೇಬೇಕು. ಇಲ್ಲದಿದ್ದರೆ ಹೊಲಿದ ಮೇಲೆ ಒಗೆದಾಗ ಅದೊಂದು ಸೇದಿಕೊಂಡು ಸುತ್ತಲಿನದೆಲ್ಲ ಮುದುಡುತ್ತದೆ. ಬಣ್ಣ ಬಿಡುವುದೂ ಆಗಲೇ ಗೊತ್ತಾಗುತ್ತದೆ. ಓರೆಯಾಗಿ ಕತ್ತರಿಸಿದ ಚೂರು ಎಳೆದರೆ ಹಿಗ್ಗುತ್ತದೆ. ಅದನ್ನು ನೆಟ್ಟಗಿನ ಚೂರಿಗೆ ಜೋಡಿಸಿದರೆ ಜೋಲು ಬೀಳುತ್ತದೆ. ಅಂಥವನ್ನು ಅವ್ವ ಪಟ್ಟಿ ಮಾಡಿ ಕೊರಳಿಗೆ, ತೋಳಿನ ಅಂಚಿಗೆ ಬಳಸುತ್ತಾಳೆ. ಅಲ್ಲಿ ಹಿಗ್ಗುವುದೇ ಬೇಕು.

ಬಹಳ ಸುಲಭದ್ದು ಚೀಲ. ಇದನ್ನು ನೀವು ಮಷಿನಿಲ್ಲದೆಯೂ ಮಾಡಬಹುದು. ಹಳೇ ಲಗ್ನಪತ್ರಿಕೆಯ ರಟ್ಟನ್ನು 5 ಇಂಚಿನ ಚೌಕ ಕತ್ತರಿಸಿಕೊಳ್ಳಿ. ಅದನ್ನಿಟ್ಟು ಗೀಚಿ 32 ಚೂರು ಕತ್ತರಿಸಿ. ಒಂದು ಸಾಲಿಗೆ ನಾಲ್ಕು, ಅಂಥ ನಾಲ್ಕು ಸಾಲು ಸೇರಿದರೆ ಒಂದು ಮಗ್ಗಲು. ಅಂಚಿನಿಂದ ಅರ್ಧ ಇಂಚು ಒಳಗೆ ಹೊಲಿಯಬೇಕು. ಇಲ್ಲೊಂದು ಲೆಕ್ಕ ಇದೆ, ಗಣಿತದ ಸರ್ ಕೇಳಿದರೆ ಹೇಳಲು ಬರಲಿ. ನಾಲ್ಕು ಐದಲಿ ಇಪ್ಪತ್ತು. ಆದರೆ ಸಾಲು ಅಳೆದರೆ 17 ಇಂಚೇ ಬರುತ್ತದೆ. ಉಳಿದ ಮೂರು ಇಂಚು ಎಲ್ಲಿ ಹೋಯಿತು? ಮೂರು ಜೋಡಣೆ, ಒಂದೊಂದಕ್ಕೆ ಒಂದು ಇಂಚು ಹೊಲಿಗೆ ತಿಂದಿತು. ಎರಡೂ ಮಗ್ಗಲು ಸೇರಿಸಿದಾಗ ಇನ್ನೊಂದು ಇಂಚು ಹೋಗಿ ಚೀಲ 16 ಇಂಚು ಅಗಲ ಆಗುತ್ತದೆ. ಒಳಗೆ ಹಳೇ ಪ್ಯಾಂಟಿನ ಅರಿವೆಯ ಅಸ್ತರ ಕೊಡಿ. ಹಿಡಿಕೆಗೆ 4 ಇಂಚು ಅಗಲದ ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಹೊಲಿಯಿರಿ. ಕೈಯಿಂದ ಹೊಲಿಯುವವರು ಪ್ರತಿ ಸಲ ಒಂದು ಟಾಕಿ ಹಿಂದಕ್ಕೆ ಹೋಗಿ ಮುಂದಕ್ಕೆ ಬರಬೇಕು, ಆಗ ಭಾರಕ್ಕೆ ಬಿಚ್ಚುವುದಿಲ್ಲ. ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಕೈಚೀಲ ನಿಷೇಧ ಆಗಿದೆ. ಆದರೂ ನಮ್ಮೂರ ಸಂತೆಯಲ್ಲಿ ಕೊತ್ತಂಬರಿಗೂ ಒಂದು, ಮೆಣಸಿನಕಾಯಿಗೂ ಒಂದು ಪ್ಲಾಸ್ಟಿಕ್ ಚೀಲ ಕೊಡುತ್ತಾರೆ. ನನ್ನ ಚೀಲದಲ್ಲಿ ಇಡೀ ವಾರದ ಸಂತೆ ಹಿಡಿಯುತ್ತದೆ.

ಇನ್ನೂ ಸಣ್ಣ ಚೂರಿನಲ್ಲಿ ಬಿಸಿ ಪಾತ್ರೆ ಹಿಡಿಯುವ ಅರಿವೆ, ಸಿಂಬಿ, ಆಯಿಯ ಎಲೆ ಅಡಿಕೆ ಚಂಚಿ ಆಗುತ್ತವೆ. ಬಿಸಿ ಪಾತ್ರೆಗೆ ಕಾಟನ್ನೇ ಆಗಬೇಕು. ಪಾಲಿಸ್ಟರ್ ಬಿಸಿಗೆ ಕರಗಿ ಕೈಗೆ ಅಂಟುತ್ತದೆ. ಕಾರಹುಣ್ಣಿಮೆಗೆ ಎತ್ತಿನ ಬೆನ್ನಿಗೆ ಹಾಕುವ ಜೂಲಕ್ಕೆ ಮಾತ್ರ ಪಾಲಿಸ್ಟರ್ ಚೆಂದ, ದೂರದಿಂದ ಮಿಂಚುತ್ತದೆ. 2020ರಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ಇದೇ ಗಂಟಿನಿಂದ ಅವ್ವ ಮೂರು ಪದರದ ಮಾಸ್ಕು ಹೊಲಿದಳು. ಪೇಟೆಯಲ್ಲಿ ಇಲಾಸ್ಟಿಕ್ ಸಿಗಲಿಲ್ಲ. ಚೂರುಗಳನ್ನೇ ಉದ್ದಕ್ಕೆ ಹರಿದು ಲಾಡಿ ಮಾಡಿದೆವು. ಆಗ ನಾನು ಚಿಕ್ಕವಳು, ಲಾಡಿ ತಿರುಗಿಸುವುದು ನನ್ನ ಕೆಲಸ. ಗೋಡೆಗೆ ತೂಗು ಹಾಕುವ ಹೂವು, ಗೊಂಬೆ ಕೂಡ ಮಾಡಬಹುದು. ಆದರೆ ನನಗೆ ಅವು ಅಷ್ಟು ಸೇರುವುದಿಲ್ಲ. ಒಂದೇ ತಿಂಗಳಲ್ಲಿ ಧೂಳು ತಿನ್ನುತ್ತವೆ.

ಎಲ್ಲಕ್ಕಿಂತ ದೊಡ್ಡದು ಕೌದಿ. ಅದು ಆಯಿಯ ವಿದ್ಯೆ, ಅವ್ವನಿಗೂ ಪೂರ್ತಿ ಬರುವುದಿಲ್ಲ. ಕೆಳಗೆ ಹಳೇ ಇಲಕಲ್ಲ ಸೀರೆ, ನಡುವೆ ಎರಡು ಮೂರು ಪದರ ಹಳೇ ಧೋತರ, ಮೇಲೆ ಚೂರು. ಆಯಿ ಒಂದು ಮೂಲೆಯಿಂದ ಹಿಡಿದು ಅಂಚಿನ ಗುಂಟ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾಳೆ. ಟಾಕಿಗಳು ಬಿತ್ತಿದ ಸಾಲಿನ ಹಾಗೆ ಒಂದರ ಹಿಂದೆ ಒಂದು ಹೋಗುತ್ತವೆ. ಹಿಂದೆ ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳು ಬರುತ್ತಿದ್ದರಂತೆ. ಅವರಿಗೆ ಜೋಳ ಕೊಡುತ್ತಿದ್ದರಂತೆ. ಆಯಿ ಅವರನ್ನು ನೋಡಿ ಕಲಿತವಳು.

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳೂ ಹೀಗೆಯೇ ಅಂಚಿನಿಂದ ನಡುವಿಗೆ ಹೊಲಿಯುತ್ತಾರೆಂದು ಸಮಾಜ ವಿಜ್ಞಾನದ ಟೀಚರು ಹೇಳಿದರು. ಅವರು ಕಡೆಗೆ ನಾಲ್ಕೂ ಮೂಲೆಗೆ ಅರಿವೆಯನ್ನು ಮೂರು ಮೂಲೆಯಾಗಿ ಮಡಚಿ ಹೂವು ಹಚ್ಚುತ್ತಾರೆ. ಹೂವಿಲ್ಲದ ಕೌದಿ ಬತ್ತಲೆ ಇದ್ದ ಹಾಗೆ ಎನ್ನುತ್ತಾರಂತೆ. ಅವರ ಕೌದಿಗಳನ್ನು ಅಮೆರಿಕದಲ್ಲೂ ಪ್ರದರ್ಶನಕ್ಕೆ ಇಟ್ಟಿದ್ದರು. ಇದನ್ನು ಆಯಿಗೆ ಹೇಳಿದೆ. "ಯಾಕ, ಅಲ್ಲೆ ಥಂಡಿ ಭಾಳ ಐತೇನು?" ಎಂದಳು. ಗೋಡೆಗೆ ಹಾಕಿ ನೋಡುತ್ತಾರೆ ಎಂದರೆ ಅವಳಿಗೆ ನಂಬಿಕೆ ಬರಲಿಲ್ಲ.

ಈಗ ಆಯಿಯ ಎರಡೂ ಕಣ್ಣಿಗೆ ಪೊರೆ ಬಂದಿದೆ. ದೀಪಾವಳಿ ಆದ ಮೇಲೆ ಆಪರೇಷನ್ ಎಂದು ಡಾಕ್ಟರು ಹೇಳಿದ್ದಾರೆ. ಅಲ್ಲಿಯವರೆಗೆ ಸುಮ್ಮನೆ ಕುಂದರು ಎಂದರೆ ಕೇಳುವುದಿಲ್ಲ. ಎಡಗೈ ಬೆರಳಿನಿಂದ ಹಿಂದಿನ ಟಾಕಿ ಮುಟ್ಟಿ ನೋಡಿ ಮುಂದಿನದು ಹಾಕುತ್ತಾಳೆ. ಸೂಜಿಗೆ ದಾರ ಪೋಣಿಸಲು ಮಾತ್ರ ಆಗುವುದಿಲ್ಲ. ನಾನು ಶಾಲೆಗೆ ಬರುವ ಮುಂಚೆ ಹತ್ತು ಸೂಜಿಗೆ ದಾರ ಪೋಣಿಸಿ ಹಳೇ ದಿಂಬಿಗೆ ಚುಚ್ಚಿಟ್ಟು ಬರುತ್ತೇನೆ. ಸಂಜೆ ಹೋಗುವಷ್ಟರಲ್ಲಿ ಹತ್ತೂ ಖಾಲಿ. ಆಮೇಲೆ ನಾನು ಅವಳ ಎದುರಿಗೆ ಕುಂತು ಇನ್ನೊಂದು ಅಂಚಿನಿಂದ ಹೊಲಿಯುತ್ತೇನೆ. ನನ್ನ ಟಾಕಿ ದೊಡ್ಡವು, ಅವಳದು ಜೋಳದ ಕಾಳಿನಷ್ಟು. ಕಣ್ಣು ಕಾಣದಿದ್ದರೂ ಬೆರಳಾಡಿಸಿ "ಇದು ನಿಂದು" ಎಂದು ಹೇಳಿಬಿಡುತ್ತಾಳೆ. ಕೆಲವನ್ನು ಬಿಚ್ಚಿಸುತ್ತಾಳೆ. ಕೆಲವನ್ನು "ಇರ್ಲಿ ಬಿಡು" ಎನ್ನುತ್ತಾಳೆ. ಯಾಕೆ ಬಿಚ್ಚಿಸುತ್ತಾಳೆ, ಯಾಕೆ ಬಿಡುತ್ತಾಳೆ ಎಂಬುದು ನನಗಿನ್ನೂ ತಿಳಿದಿಲ್ಲ.

ಈ ಕೌದಿ ಯಾರಿಗೆ ಎಂದು ಕೇಳಿದರೆ ಹೇಳುವುದಿಲ್ಲ. ಆಪರೇಷನ್ ಮುಂಚೆ ಮುಗಿಯಬೇಕು ಎಂದಷ್ಟೇ ಹೇಳುತ್ತಾಳೆ. ಆಪರೇಷನ್ ಆದ ಮೇಲೆ ಚೆನ್ನಾಗಿ ಕಾಣುತ್ತದಲ್ಲ, ಆಗ ಹೊಲಿ ಎಂದರೆ ತಲೆ ಅಲ್ಲಾಡಿಸುತ್ತಾಳೆ. ಅವಳಿಗೆ ಆಸ್ಪತ್ರೆ ಎಂದರೆ ಹೆದರಿಕೆ ಎಂದು ಅವ್ವ ನನಗೊಬ್ಬಳಿಗೇ ಹೇಳಿದ್ದಾಳೆ.

ನಡುವೆ ಈಗ ಊಟದ ತಟ್ಟೆಯಷ್ಟು ಜಾಗ ಉಳಿದಿದೆ. ಅಲ್ಲಿ ಕೆಂಪು ಖಣ ಬರಬೇಕೆಂದು ಆಯಿ, ಈ ವರ್ಷದ ನಮ್ಮ ಯೂನಿಫಾರ್ಮಿನ ನೀಲಿ ಬರಬೇಕೆಂದು ನಾನು. ನಿನ್ನೆ ರಾತ್ರಿಯೂ ಜಗಳ ಆಯಿತು, ಇನ್ನೂ ಬಗೆಹರಿದಿಲ್ಲ. ಅಂದ ಹಾಗೆ ಬಿಳಿ ದಾರ ಮುಗಿಯುತ್ತಾ ಬಂದಿದೆ. ಯಾರ ಮನೆಯಲ್ಲಾದರೂ ದಪ್ಪನೆಯ ಬಿಳಿ ದಾರದ ಉಂಡೆ ಇದ್ದರೆ ನಾಳೆ ತನ್ನಿ. ಕಾಟನ್ ಚೂರು ಇದ್ದರೂ ತನ್ನಿ, ಪಾಲಿಸ್ಟರ್ ಬೇಡ. ಮನೆಯಲ್ಲಿ ಕೇಳಿಯೇ ತರಬೇಕು, ಇಲ್ಲದಿದ್ದರೆ ಅವ್ವ ತಿರುಗಿ ಕಳಿಸುತ್ತಾಳೆ.