ಅಮಾವಾಸ್ಯೆಯ ಭರತ

29 ಜನವರಿ 2025, ಬುಧವಾರ. ಅಮಾವಾಸ್ಯೆ.

ಬೆಳಿಗ್ಗೆ 6.40, ತದಡಿ
ಕತ್ತಲೆ ಪೂರ್ತಿ ಹರಿದಿಲ್ಲ. ದಕ್ಕೆಯಲ್ಲಿ ಡೀಸೆಲ್ ವಾಸನೆ, ಮಂಜುಗಡ್ಡೆ ಒಡೆಯುವ ಸದ್ದು. ಪಾತಿ ದೋಣಿ ನೀರಿಗಿಳಿಸಿದೆ. ಭರತ ಶುರುವಾಗಿದೆ, ಮಿರ್ಜಾನದ ತನಕ ಅದೇ ಒಯ್ಯುತ್ತದೆ. ಬಲೆ ಬಿಡಿಸುತ್ತಿದ್ದವರು ಕೇಳಿದರು: "ಒಬ್ರೇ ಯಾಕೆ?" ಮನೆಯಲ್ಲೂ ಇದೇ ಪ್ರಶ್ನೆ. ಉತ್ತರ ಹೊಳೆಯಲಿಲ್ಲ.

8.15
ಅಘನಾಶಿನಿಯ ಅಗಲ ಈಗ ಕಾಣುತ್ತಿದೆ. ಕಾಂಡ್ಲಾ ಗಿಡಗಳ ಬದಿಗೇ ಹೋಗುತ್ತಿದ್ದೇನೆ. ಉಪ್ಪಟಿಯ ಉಸಿರುಬೇರುಗಳು ಕೆಸರಿನಿಂದ ಬೆರಳುದ್ದ ಎದ್ದು ನಿಂತಿವೆ. ಹುಟ್ಟು ಎತ್ತಿಟ್ಟು ನೋಡುತ್ತ ಕೂತೆ. ಒಂದು ಬೇರು ಮುಳುಗಿತು. ಪಕ್ಕದ್ದೂ ಮುಳುಗಿತು. ಅದರ ತುದಿಯಲ್ಲಿದ್ದ ಪುಟ್ಟ ಏಡಿ ಗಿಡದ ಬುಡಕ್ಕೆ ಸರಿಯಿತು. ಎಷ್ಟು ಹೊತ್ತು ಕಳೆಯಿತೋ. ಸುಖ.

10.05
ಮಾಣಿಕಟ್ಟಾ ಕಡೆಯ ಗಜನಿ ಗದ್ದೆ. ಮಳೆಗಾಲದಲ್ಲಿ ಇಲ್ಲಿ ಕಗ್ಗ ಭತ್ತ. ಉಪ್ಪುನೀರು ಹೊಕ್ಕರೂ ಸಾಯದ ತಳಿ, ಗೊಬ್ಬರ ಕೇಳದ ಬೆಳೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಹೊಳೆನೀರು ಬಿಟ್ಟು ಮೀನು, ಶೆಟ್ಲಿ (ಸಿಗಡಿ). ಈಗ ಎಷ್ಟೋ ಗಜನಿಗಳಲ್ಲಿ ಭತ್ತ ಹೋಗಿ ಶೆಟ್ಲಿಯೊಂದೇ ಉಳಿದಿದೆ. ಒಡ್ಡಿನ ಮೇಲೆ ಯಾರೂ ಇಲ್ಲ. ಕೂಗಿ ಮಾತಾಡಿಸಬೇಕೆನಿಸಿತು, ಯಾರನ್ನು?

12.10, ಮಿರ್ಜಾನದ ಹತ್ತಿರ
ನೀರು ನಿಂತಿದೆ. ದೋಣಿ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲಕ್ಕೆ ಕಾಳುಮೆಣಸು ಹೊರಟ ಊರು ಇದು. ಕೋಟೆಗೆ ಹೋಗಲು ಮನಸ್ಸಾಗಲಿಲ್ಲ. ಅವಲಕ್ಕಿ ತಿಂದೆ. ಬಿಸಿಲು ಜೋರು. ಅಣ್ಣ ಇದ್ದಿದ್ದರೆ ಹಿಂದಿನ ಹುಟ್ಟು ಅವನ ಕೈಲಿರುತ್ತಿತ್ತು. ಅದಕ್ಕೇ ಒಬ್ಬನೇ ಬರುತ್ತೇನೋ ಏನೋ.

2.30
ಇಳಿತ. ಒಂದು ತೂಬಿನ ಬಾಯಿಗೆ ಒಬ್ಬ ಹುಡುಗ ಬಲೆ ಕಟ್ಟುತ್ತಿದ್ದ, ರಾತ್ರಿಯ ಇಳಿತಕ್ಕೆ. ಅಮಾವಾಸ್ಯೆ, ಹುಣ್ಣಿಮೆಗೆ ನೀರಿನ ಎಳೆತ ಹೆಚ್ಚು, ಶೆಟ್ಲಿಯೂ ಹೆಚ್ಚು. ಗಂಟು ಬಿಗಿಯುತ್ತಲೇ ಹೇಳಿದ, "ಗಾಳಿ ಏಳ್ತದೆ, ಬೇಗ ಹೋಗಿ." ಬೇರೆ ಮಾತಿಲ್ಲ.

4.40
ಎದುರುಗಾಳಿ. ಭುಜ ಉರಿಯುತ್ತಿದೆ. ಸ್ವಲ್ಪ ಹೆದರಿಕೆಯೂ. ನೀರಿಳಿದು ಕೆಸರುದಿಬ್ಬಗಳು ಎದ್ದಿವೆ, ಹೆಂಗಸರು ಸೊಂಟ ಬಗ್ಗಿಸಿ ಬಳಚು (ಚಿಪ್ಪುಮೀನು) ಆರಿಸುತ್ತಿದ್ದಾರೆ. ಒಬ್ಬಳು ಕಾಲ್ಬೆರಳಲ್ಲೇ ಕೆಸರು ತಡವಿ, ಸಿಕ್ಕಿದ್ದನ್ನು ಬಗ್ಗಿ ಎತ್ತಿದಳು. ಮುಷ್ಟಿಯೊಳಗೆ ತಿರುಗಿಸಿ ನೋಡಿ, ಸಣ್ಣದೆಂದು ಮರಳಿ ಒತ್ತಿದಳು. ದೋಣಿ ಕೆಸರಿಗೆ ತಾಗದಂತೆ ಎತ್ತ ಹೋಗಬೇಕೆಂದು ಕೈ ತೋರಿದವಳೂ ಅವಳೇ.

ರಾತ್ರಿ 9.20, ಮನೆ
ಅಂಗೈಯಲ್ಲಿ ಬೊಕ್ಕೆ. ನಿದ್ದೆ ಬರುತ್ತಿಲ್ಲ.
ಹೊನ್ನಾವರದ ನೆನಪು. ಅಲ್ಲಿ ಸಮುದ್ರ ಸೇರುವ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ವಿದ್ಯುದಾಗಾರದ ಸಿಹಿನೀರು ಬೇಸಿಗೆಯಲ್ಲೂ ಅಳಿವೆಗೆ ಬರುತ್ತದೆ. ಉಪ್ಪು ತಗ್ಗಿತು, ಬಳಚೂ ಕಡಿಮೆಯಾಯಿತು. ಇಲ್ಲಿ ಅಘನಾಶಿನಿಗೆ ಶಿರಸಿಯಿಂದ ಸಮುದ್ರದ ತನಕ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಆ ಹೆಂಗಸಿನ ಬುಟ್ಟಿ ತುಂಬುವುದು ಅದರಿಂದಲೇ. ತದಡಿಗೆ ಉಷ್ಣವಿದ್ಯುತ್ ಸ್ಥಾವರ ಬರುವುದಿತ್ತು. ಜನ ಹೋರಾಡಿದರು, ಬರಲಿಲ್ಲ. 2024ರಲ್ಲಿ ಅಳಿವೆಗೆ ರಾಮ್ಸರ್ ಮನ್ನಣೆಯೂ ಸಿಕ್ಕಿತು. ಮನ್ನಣೆಯಷ್ಟೇ ಸಾಲದು. ಮೇಲಿನ ಹೊಳೆಗೆ ಯಾರೂ ಕೈಹಾಕಬಾರದು.