ಹೊತ್ತು ಮೀರಿದ ಊಟ

ಬಸವಕಲ್ಯಾಣದ ನಮ್ಮ ಓಣಿಯ ತಿರುವಿನಲ್ಲಿ ಹೊಸದೊಂದು ಖಾನಾವಳಿ ತೆರೆದಾಗ ನನಗಾದ ಸಂತೋಷಕ್ಕೆ ಹಸಿವು ಕಾರಣವಾಗಿರಲಿಲ್ಲ. ಅದರ ಒಳಗೋಡೆಯ ಮೇಲೆ ಚಾಲುಕ್ಯ ಶಿಲ್ಪಗಳ ದೊಡ್ಡ ಚಿತ್ರಗಳಿದ್ದವು. ತಿನಿಸುಗಳ ಪಟ್ಟಿಯ ಮೊದಲ ಪುಟದಲ್ಲಿ ಕಲ್ಯಾಣದ ಅರಸರ ಭೋಜನವೈಭವವನ್ನು ನೆನೆಯಲಾಗಿತ್ತು. ಆ ಅರಸರ ಊಟದ ವಿಚಾರವನ್ನು ವರ್ಷಗಟ್ಟಲೆ ಓದುತ್ತ ಬಂದ ನನಗೆ ಮರುಳಾಗಲು ಅಷ್ಟೇ ಸಾಕಾಯಿತು.

ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನೆಂಬುದು ವಿದ್ಯಾರ್ಥಿಗಳಿಗೆ ತಿಳಿದ ಸಂಗತಿ. ಐದು ವಿಂಶತಿಗಳ, ನೂರು ಅಧ್ಯಾಯಗಳ ಆ ಗ್ರಂಥದಲ್ಲಿ ‘ಅನ್ನಭೋಗ’ವೆಂಬ ಭಾಗವಿದೆ. ನಮ್ಮ ಇಡ್ಲಿ, ದೋಸೆ, ವಡೆಗಳ ಪೂರ್ವಜರಾದ ಇಡ್ಡರಿಕಾ, ದೋಸಕ, ವಟಕಗಳನ್ನು ಅಲ್ಲಿ ಕಾಣಬಹುದು. ಬೇಟೆಯ ಮಾಂಸದ ಅಡುಗೆಗಳೂ ಅಲ್ಲಿ ಹೇರಳವಾಗಿವೆ. 16ನೆಯ ಶತಮಾನದ ಆರಂಭದಲ್ಲಿದ್ದ ಜೈನಕವಿ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಾದರೋ ಶುದ್ಧ ಸಸ್ಯಾಹಾರಕ್ಕೆ ಮೀಸಲಾದ ಕನ್ನಡ ಷಟ್ಪದಿ ಕೃತಿ, ಬದನೆಕಾಯಿಯ ಅಡುಗೆಗಳಿಗೇ ಅದರಲ್ಲೊಂದು ಅಧ್ಯಾಯವಿದೆ.

ಇಷ್ಟನ್ನು ತಲೆಯಲ್ಲಿ ತುಂಬಿಕೊಂಡು ಮೊದಲ ವಾರವೇ ಒಬ್ಬನೇ ಹೋಗಿ ಜೋಳದ ರೊಟ್ಟಿ, ಎಣ್ಣೆಗಾಯಿ, ಬೇಳೆ ತರಹೇಳಿದೆ. ರೊಟ್ಟಿ ಆರಿ ಅಂಚಿನಲ್ಲಿ ಬಿರಿದಿತ್ತು. ಎಣ್ಣೆಗಾಯಿಯಲ್ಲಿ ಶೇಂಗಾ, ಎಳ್ಳುಗಳ ಬದಲು ಸಿಹಿಗೂಡಿದ ಗೋಡಂಬಿಯ ಮಸಾಲೆಯಿತ್ತು. ತೊಗರಿಯ ಸೀಮೆಯಲ್ಲಿ ಕುಳಿತು ತೊಗರಿಯ ರುಚಿಯನ್ನು ಹುಡುಕಬೇಕಾಯಿತು. ಹೊಸ ಅಂಗಡಿ, ಕೈ ಕುದುರಲು ಕಾಲ ಬೇಕೆಂದು ಸಮಾಧಾನ ತಂದುಕೊಂಡೆ. ನಿಜವಾಗಿ ನಾನು ಕ್ಷಮಿಸಿದ್ದು ಅಡುಗೆಯನ್ನಲ್ಲ, ಗೋಡೆಯ ಮೇಲಿನ ಚಿತ್ರಗಳ ಸಲುವಾಗಿ ಅಡುಗೆಯನ್ನು ಮರೆತೆನಷ್ಟೆ.

ಆ ಡಿಸೆಂಬರಿನಲ್ಲಿ ನನಗೆ ಹಳಗನ್ನಡ ಕಲಿಸಿದ ಗುರುಗಳು ಬಂದರು. ವಯಸ್ಸು ಎಂಬತ್ತು ದಾಟಿದೆ. ಹುಮನಾಬಾದಿನ ಸಮೀಪದ ಜಲಸಂಗ್ವಿಯ ದೇವಾಲಯದಲ್ಲಿ ವಿಕ್ರಮಾದಿತ್ಯನ ಕೀರ್ತಿಯನ್ನು ಕಲ್ಲಿನಲ್ಲಿ ಬರೆಯುತ್ತ ನಿಂತ ಶಿಲಾಬಾಲಿಕೆಯನ್ನು ಇನ್ನೊಮ್ಮೆ ನೋಡಬೇಕೆಂಬುದು ಅವರ ಆಸೆ. ಸೋಮೇಶ್ವರನು ಆ ವಿಕ್ರಮಾದಿತ್ಯನ ಮಗನೇ. ತಂದೆಯ ಕೀರ್ತಿಯನ್ನು ನೋಡಿ ಬಂದವರಿಗೆ ಮಗನ ಊರಿನಲ್ಲಿ ಊಟವಾಗಲಿ ಎಂದು ನಾನು ಮನಸ್ಸಿನಲ್ಲೇ ಒಂದು ಅಲಂಕಾರವನ್ನು ಹೆಣೆದುಕೊಂಡೆ.

ಗುರುಗಳು ಸೂರ್ಯಾಸ್ತದ ಬಳಿಕ ಏನನ್ನೂ ಸೇವಿಸುವುದಿಲ್ಲ; ಅವರದು ಬಾಲ್ಯದಿಂದ ನಡೆದುಬಂದ ವ್ರತ. ಹುಮನಾಬಾದಿನ ಬಸ್ ನಿಲ್ದಾಣದಿಂದ ಮನೆಗೆ ಫೋನು ಮಾಡಿದಾಗ ಮನೆಯಾಕೆ, “ಹಿಟ್ಟು ಅದ, ನಾಲ್ಕು ರೊಟ್ಟಿ ಬಡಿಲಿಕ್ಕ ಎಷ್ಟೊತ್ತು ಬೇಕ್ರಿ? ಸೀದಾ ಮನಿಗೇ ಕರ್ಕೊಂಡ್ ಬರ್ರಿ” ಎಂದಳು. ನಾನು ಬೇಡವೆಂದೆ.

ಖಾನಾವಳಿಯಲ್ಲಿ ಕುಳಿತಾಗ ಐದು ಗಂಟೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಆಲೂಗಡ್ಡೆ ಬೇಡವೆಂದು ಹೇಳಿ ರೊಟ್ಟಿ, ಬೇಳೆ, ಅನ್ನ ಕೇಳಿದೆ. “ಆಯ್ತ್ರಿ” ಎಂದ ಹುಡುಗ ಸ್ವಲ್ಪ ಹೊತ್ತಿನ ಮೇಲೆ ಮರಳಿ ಬಂದು, ಮಾಡಿಟ್ಟ ಬೇಳೆಗೆ ಬೆಳ್ಳುಳ್ಳಿಯ ಒಗ್ಗರಣೆ ಬಿದ್ದಿದೆ, ಹೊಸದಾಗಿ ಬೇಯಿಸಬೇಕು ಎಂದ. ರೊಟ್ಟಿ ಬಡಿಯುವ ಹೆಣ್ಣುಮಗಳೂ ಆಗಷ್ಟೇ ಬರುವವಳಿದ್ದಳು. ಅವರ ಅಡುಗೆಮನೆ ಏಳು ಗಂಟೆಯ ಗಿರಾಕಿಗಳಿಗಾಗಿ ಸಿದ್ಧವಾಗುತ್ತಿತ್ತು. ನಾನು ಎರಡು ಸಲ ಎದ್ದು ಹೋಗಿ ಅವಸರಪಡಿಸಿದೆ. ಗುರುಗಳು ಕಿಟಕಿಯಾಚೆಯ ಬೆಳಕನ್ನು ನೋಡುತ್ತ ಶಿಲಾಬಾಲಿಕೆಯ ಅಕ್ಷರಗಳ ಕುರಿತು ಮಾತನಾಡುತ್ತಿದ್ದರು. ಆರಕ್ಕೆ ಹತ್ತು ನಿಮಿಷವಿರುವಾಗ ಮಾತು ನಿಲ್ಲಿಸಿ ಲೋಟದ ನೀರನ್ನು ಕುಡಿದರು. ಆಮೇಲೆ ಅದನ್ನು ಮುಟ್ಟಲಿಲ್ಲ.

ತಟ್ಟೆಗಳು ಬಂದದ್ದು ಆರೂಕಾಲಿಗೆ. ಅಷ್ಟರಲ್ಲಿ ದೀಪಗಳು ಹತ್ತಿ ಗೋಡೆಯ ಶಿಲ್ಪಗಳೆಲ್ಲ ಹೊಳೆಯುತ್ತಿದ್ದವು. ಗುರುಗಳು ಅನ್ನಕ್ಕೆ ಕೈಮುಗಿದು ತಟ್ಟೆಯನ್ನು ನನ್ನತ್ತ ಸರಿಸಿದರು. “ನೀನು ಉಣ್ಣು. ಆ ಹುಡುಗನನ್ನು ಗದರಬೇಡ, ಅವನಿಗೇನು ಗೊತ್ತು?” ಎಂದರು. ನನಗೆ ಗೊತ್ತಿತ್ತಲ್ಲ! ಆ ಬೇಳೆ ಅಂದು ಚೆನ್ನಾಗಿಯೇ ಇತ್ತು. ಆದರೆ ನನಗೆ ಗಂಟಲಲ್ಲಿ ಇಳಿಯಲಿಲ್ಲ.

ಸೋಮೇಶ್ವರನು ಖಾದ್ಯಗಳ ಪಟ್ಟಿಯನ್ನಷ್ಟೇ ಕೊಟ್ಟು ಸುಮ್ಮನಾಗಿಲ್ಲ. ಅರಸನು ಯಾರೊಡನೆ ಕುಳಿತು ಉಣ್ಣಬೇಕು, ಯಾವ ಋತುವಿಗೆ ಯಾವ ರಸ ಹಿತ ಎಂಬುದನ್ನೂ ಹೇಳುತ್ತಾನೆ. ಉಣ್ಣುವವನನ್ನೂ ಉಣ್ಣುವ ಕಾಲವನ್ನೂ ಬಿಟ್ಟು ಅವನ ಪಾಲಿಗೆ ಅಡುಗೆಯಿಲ್ಲ. ನಾನು ಅನ್ನಭೋಗವನ್ನು ಓದಿದ್ದು ಖಾದ್ಯನಾಮಗಳ ನಿಷ್ಪತ್ತಿಗಾಗಿ. ಇಡ್ಡರಿಕಾ ಎಂಬ ಮಾತಿನ ಬಗ್ಗೆ ಪುಟಗಟ್ಟಲೆ ಟಿಪ್ಪಣಿ ಮಾಡಿಕೊಂಡವನು ಎದುರಿಗೆ ಕುಳಿತ ಅತಿಥಿಯ ಹೊತ್ತನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಖಾನಾವಳಿಯವರು ಚಾಲುಕ್ಯರನ್ನು ಗೋಡೆಗೆ ತೂಗುಹಾಕಿದ್ದರು. ನಾನು ಮಾಡಿದ್ದೂ ಅದಕ್ಕಿಂತ ಬೇರೆಯಲ್ಲ.

ಮನೆಗೆ ಬಂದಾಗ ಬುಟ್ಟಿಯಲ್ಲಿ ಬಟ್ಟೆ ಸುತ್ತಿದ ನಾಲ್ಕು ರೊಟ್ಟಿಗಳಿದ್ದವು. ಬೇಡವೆಂದರೂ ಬಡಿದಿದ್ದಳು. ಮುಂಜಾನೆ ಗುರುಗಳಿಗಾಗಿ ಬಿಸಿ ರೊಟ್ಟಿ ಮಾಡಹೊರಟಾಗ ಅವರು ತಡೆದು, ರಾತ್ರಿಯ ರೊಟ್ಟಿಯನ್ನೇ ಕೇಳಿ ಪಡೆದು, ಶೇಂಗಾಹಿಂಡಿ, ಮೊಸರುಗಳೊಡನೆ ಎರಡನ್ನು ಉಂಡರು. ಉಳಿದೆರಡನ್ನು ನಾನು ಉಂಡೆ.